ಕುಲುಮೆ ಮುನಿರಾಜು ಮತ್ತೆ ಸುತ್ತಿಗೆ ಹಿಡಿದದ್ದು

ಹೊಲದಲ್ಲಿ ರಾಗಿ ತೆನೆ ಬಲಿತು ಬಾಗಿತ್ತು. ಊರಿನ ಕುಡುಗೋಲುಗಳು ಮಾತ್ರ ಮೊಂಡಾಗಿ ಸೂರಿನಲ್ಲಿ ಸಿಕ್ಕಿಕೊಂಡಿದ್ದವು.

ಬೂದಿಕೋಟೆಯಿಂದ ಒಂದಿಷ್ಟು ಒಳಕ್ಕಿರುವ ಆ ಊರಿಗೆ ಇರುವುದು ಒಂದೇ ಕುಲುಮೆ, ಮುನಿರಾಜುವಿನದು. ಕುಡುಗೋಲಿಗೆ ಹಲ್ಲು ಹಾಕಿಸಬೇಕೆಂದರೂ, ಗುದ್ದಲಿ ತಟ್ಟಿಸಬೇಕೆಂದರೂ ಸುತ್ತಲಿನ ಹಳ್ಳಿಯವರೆಲ್ಲ ಅಲ್ಲಿಗೇ ಬರಬೇಕು. ಈ ಸಲ ಬಂದವರೆಲ್ಲ ಬಾಗಿಲಿನ ಬೀಗ ನೋಡಿ ನಿಂತುಬಿಡುತ್ತಿದ್ದರು. ಬೀಗದ ಕೈ ಮುನಿರಾಜುವಿನ ಹೆಂಡತಿ ಅಂಬಿಕಳ ಸೊಂಟದಲ್ಲಿತ್ತು.

"ಅಂಬಿಕಮ್ಮಾ, ಒಂದೇ ಒಂದು ಕುಡ್ಲು..."

"ಒಂದೂ ಇಲ್ಲ, ಅರ್ಧಾನೂ ಇಲ್ಲ. ಬಂಗಾರಪೇಟೆಗೆ ಓಗಿ. ನಮ್ಮನೇವ್ರ ಎದೆಗೆ ಸ್ಪ್ರಿಂಗ್ ಆಕವ್ರೆ, ಗೊತ್ತಿಲ್ವಾ?"

ಗೊತ್ತಿಲ್ಲದವರು ಯಾರು? ಶ್ರಾವಣದಲ್ಲಿ ನಡೆದದ್ದನ್ನು ಊರೇ ನೋಡಿತ್ತು. ಅಂದು ದೊಡ್ಡ ಸುತ್ತಿಗೆ, ಅಂದರೆ ಸಮ್ಮಟಿಗೆ, ಹೊಡೆಯುವ ಆಳು ಬಂದಿರಲಿಲ್ಲ. ಮುನಿರಾಜು ಒಬ್ಬನೇ ಕಬ್ಬಿಣ ಕಾಯಿಸಿ ಒಬ್ಬನೇ ಹೊಡೆಯುತ್ತಿದ್ದ. ಇದ್ದಕ್ಕಿದ್ದಂತೆ ಎದೆ ಹಿಡಿದುಕೊಂಡು ಕುಳಿತ. ಮೈಯೆಲ್ಲ ಬೆವರು. ಬೆಂಕಿಯ ಮುಂದೆ ಬದುಕುವವನ ಬೆವರನ್ನು ಯಾರು ತಾನೇ ಲೆಕ್ಕಕ್ಕೆ ಹಿಡಿಯುತ್ತಾರೆ? "ಗ್ಯಾಸು ಕಣೇ," ಎಂದ. ಅಂಬಿಕ ಅಂಗಡಿಗೆ ಓಡಿ ಸೋಡಾ ತಂದಳು. ಕುಡಿದ. ತೇಗು ಬಂತು, ನೋವು ಹೋಗಲಿಲ್ಲ. ಅಷ್ಟು ಹೊತ್ತಿಗೆ ಆಶಾ ಕಾರ್ಯಕರ್ತೆ ಶಶಿರೇಖ ಆ ದಾರಿಯಲ್ಲಿ ಬಂದದ್ದು ಅವನ ಪುಣ್ಯ. "ಬೆಂಕಿ ಆರೋಗಿದೆ, ಬೆವರು ಯಾಕೆ ನಿಂತಿಲ್ಲ?" ಎಂದವಳೇ ನೂರಾ ಎಂಟಕ್ಕೆ ಫೋನು ಮಾಡಿದಳು. ಕೋಲಾರದ ಆಸ್ಪತ್ರೆಯಲ್ಲಿ ಕಟ್ಟಿಕೊಂಡಿದ್ದ ರಕ್ತನಾಳ ಬಿಡಿಸಿ ಒಳಗೊಂದು ಸ್ಟೆಂಟ್ ಕೂರಿಸಿದರು. ಊರವರ ಬಾಯಲ್ಲಿ ಅದು ಸ್ಪ್ರಿಂಗ್ ಆಯಿತು.

ಜೀವ ಉಳಿಯಿತು. ಮನೆಗೆ ಬಂದ ಮೇಲೆ ಶುರುವಾಯಿತು ನೋಡಿ, ಅಂಬಿಕಳ ಕಾವಲು!

ಮುನಿರಾಜು ಮಂಚ ಬಿಟ್ಟು ಇಳಿಯುವಂತಿಲ್ಲ. ಚೊಂಬಿನ ನೀರೂ ಎತ್ತುವಂತಿಲ್ಲ. ಮುದ್ದೆ ಭಾರ ಎಂದು ಗಂಜಿ. ಜೋರಾಗಿ ಸೀನಿದರೂ "ಯೋವ್, ನಿಧಾನ!" ಎಂಬ ಕೂಗು. ಆಯುಧಪೂಜೆಯ ದಿನವೂ ಅವಳು ಕುಲುಮೆ ತೆರೆಯಲಿಲ್ಲ. ಬೀಗಕ್ಕೇ ಅರಿಶಿನ ಕುಂಕುಮ ಇಟ್ಟು, ಹೂ ಮುಡಿಸಿ, ಬಾಗಿಲ ಮುಂದೆಯೇ ಕಾಯಿ ಒಡೆದಳು. ಒಳಗಿದ್ದ ಸುತ್ತಿಗೆಗಳು ಕತ್ತಲಲ್ಲೇ ಹಬ್ಬ ಮಾಡಿದವು.

ಅವಳ ಭಯಕ್ಕೆ ಉಪ್ಪು ಖಾರ ಹಾಕುತ್ತಿದ್ದವನು ಪಕ್ಕದ ಮನೆಯ ದೊಡ್ಡವೆಂಕಟಪ್ಪ. ಜಗುಲಿಯ ಮೇಲೆ ಕುಳಿತು ಬೀಡಿ ಹಚ್ಚಿಕೊಂಡರೆ ಅವನಿಗೆ ಗೊತ್ತಿಲ್ಲದ ವಿದ್ಯೆಯೇ ಇಲ್ಲ.

"ನೋಡಮ್ಮಾ ಅಂಬಿಕ, ಸ್ಪ್ರಿಂಗ್ ಅಂದ್ಮೇಲೆ ಅದು ಎಗರೋ ವಸ್ತು. ನನ್ನ ಮೊಪೆಡ್‌ದು ಬೇತಮಂಗಲದ ಕೆರೆ ಏರಿ ಮೇಲೆ ಎಗರೋಯ್ತು. ಇವತ್ಗೂ ಸಿಕ್ಕಿಲ್ಲ. ನಿನ್ ಗಂಡ ಸುತ್ತಿಗೆ ಎತ್ತಿ ಒಂದೇಟು ಬಿಟ್ಟ ಅಂದ್ಕೋ... ಟಪ್!"

ಆ 'ಟಪ್' ಅಂಬಿಕಳ ಕಿವಿಯಲ್ಲಿ ಕುಳಿತುಬಿಟ್ಟಿತು.

ಒಂದು ಮಧ್ಯಾಹ್ನ ಅವಳು ಹುಲ್ಲು ತರಲು ಕೊಟ್ಟಿಗೆಯ ಕಡೆ ಹೋದಳು. ಬಾಗಿಲಲ್ಲಿ ಅತ್ತೆ ಪಾಪಕ್ಕ ಕುಳಿತಿದ್ದಳು. ಕೋಳಿ ಓಡಿಸುವ ಕೋಲು ಕೈಯಲ್ಲಿತ್ತು, ಸುತ್ತ ಒಂದೇ ಒಂದು ಕೋಳಿ ಇರಲಿಲ್ಲ. ಒಳಗಿನಿಂದ ಕರ್‌ಕರ್ ಎಂದು ಸದ್ದು.

"ಏನತ್ತೆ ಅದು?"

"ಎಮ್ಮೆ ಮೆಲುಕು ಆಕ್ತದೆ."

"ಎಮ್ಮೆ ಒರಗೆ ಕಟ್ಟಿದ್ದೀನಲ್ಲ?"

ಪಾಪಕ್ಕ ಆಕಾಶ ನೋಡಿದಳು. ಅಂಬಿಕ ಒಳಗೆ ಹೋಗಿ ನೋಡಿದರೆ ಹುಲ್ಲಿನ ಮರೆಯಲ್ಲಿ ಗಂಡ! ಕುಡುಗೋಲನ್ನು ಕಾಲ್ಬೆರಳಿನಲ್ಲಿ ಒತ್ತಿ ಹಿಡಿದು, ಉಸಿರು ಕಟ್ಟಿಕೊಂಡು, ಅರದಿಂದ ಹಲ್ಲು ಹಾಕುತ್ತಿದ್ದ. ಯಾರಾದರೂ ಬಂದಾರೆಂಬ ಗಾಬರಿಗೆ ಕೈ ಎರಡು ಪಟ್ಟು ಬೀಸಾಗಿ ಓಡುತ್ತಿತ್ತು. ಮುಖ ಕೆಂಪೇರಿತ್ತು. ಪಕ್ಕದಲ್ಲಿ ಇನ್ನೊಂದು ಕಂತೆ ಕುಡುಗೋಲು. ತಾಯಿಯೇ ಅವನ್ನು ಸೆರಗಿನಲ್ಲಿ ಮುಚ್ಚಿ ತಂದುಕೊಟ್ಟಿದ್ದಳು.

"ಅಯ್ಯೋ ನನ್ ಕರ್ಮವೇ! ಅತ್ತೆ, ನೀವೂನಾ?"

"ಏನ್ ಮಾಡ್ಲಿ ತಾಯಿ? ಮಂಚದ ಮೇಲೆ ಮಲಗಿ ಮಲಗಿ ನನ್ ಮಗ ಅಪ್ಳ ಆಗೋದ."

"ಬದುಕಿದ್ದೀನಿ ಅಂತ ಗೊತ್ತಾಗೋದು ಬೇಡ್ವೇನೇ ನನ್ಗೆ?" ಎಂದ ಮುನಿರಾಜು. ಆ ಮಾತಿಗೇ ಏದುಸಿರು ಬಂತು.

ಆ ಏದುಸಿರು ಕೇಳಿ ಅಂಬಿಕ ಗಂಡನ ಕೈಯಿಂದ ಅರ ಕಿತ್ತುಕೊಂಡಳು. ಅವಳಿಗೆ ಕಂಡದ್ದು ಕೊಟ್ಟಿಗೆಯಲ್ಲ, ಶ್ರಾವಣದ ಆ ದಿನ. "ಆಯ್ತು. ಈ ಕುಲುಮೆ ಇದ್ರೆ ತಾನೇ ನಿನ್ಗೆ ಆಸೆ? ನಾಳೆ ಗುಜರಿಯವ್ನು ಬರ್ಲಿ, ಆ ರೈಲು ತುಂಡು ಕೊಟ್ಟೇಬಿಡ್ತೀನಿ," ಎಂದಳು.

ರೈಲು ತುಂಡು ಎಂದರೆ ಮುನಿರಾಜುವಿನ ಅಡಿಗಲ್ಲು. ಕೆಂಪಗೆ ಕಾದ ಕಬ್ಬಿಣವನ್ನು ಅದರ ಮೇಲಿಟ್ಟೇ ಬಡಿಯುವುದು. ಕೆಜಿಎಫ್ ಗಣಿಯೊಳಗೆ ಅದಿರಿನ ಬಂಡಿ ಓಡುತ್ತಿದ್ದ ಹಳಿಯ ತುಂಡದು. ಅಪ್ಪನ ಕಾಲದಿಂದ ಏಟು ತಿಂದು ತಿಂದು ಅದರ ಬೆನ್ನು ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಮುನಿರಾಜು ಜಗಳವಾಡಲಿಲ್ಲ. ಎದ್ದು ಹೋಗಿ ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ. ರಾತ್ರಿ ಗಂಜಿಯನ್ನೂ ಮುಟ್ಟಲಿಲ್ಲ. ಅಂಬಿಕಳಿಗೂ ಊಟ ಸೇರಲಿಲ್ಲ. ಕೆಲಸ ಮಾಡಿದರೆ ಗಂಡ ಸಾಯುತ್ತಾನೆ, ಮಾಡದಿದ್ದರೆ ಹೀಗೇ ಬಾಡುತ್ತಾನೆ. ಯಾವುದನ್ನು ಉಳಿಸಿಕೊಳ್ಳುವುದು?

ಬೆಳಗ್ಗೆ ಗುಜರಿ ಗಾಡಿ ಕೂಗುತ್ತಾ ಬಂತು. ಅಂಬಿಕ ಬೀಗ ತೆಗೆದಳು. ಗುಜರಿಯವನು ರೈಲು ತುಂಡನ್ನು ತಬ್ಬಿಕೊಂಡು ಎಳೆದ, ಅದು ಅಲ್ಲಾಡಲಿಲ್ಲ. ಎರಡನೇ ಸಲ ಎಳೆದ, ಅವನ ಸೊಂಟ 'ಕಟಕ್' ಎಂದಿತು.

"ಬಿಡಪ್ಪಾ, ಅದು ಓಗೋಕೆ ಒಪ್ಪಲ್ಲ ಅಂತದೆ," ಎಂದು ನಗುತ್ತಾ ಬಂದವಳು ಶಶಿರೇಖ. ವಿಷಯ ಕೇಳಿ ಗುಜರಿಯವನನ್ನು ಕಳಿಸಿ, ಜಗುಲಿಯ ಮೇಲೆ ಕಾಲು ಚಾಚಿ ಕುಳಿತಳು.

"ಅಂಬಿಕ, ಆಸ್ಪತ್ರೆಯವ್ರು ಮತ್ತೆ ಬಂದು ತೋರ್ಸಿ ಅಂದಿದ್ರಲ್ಲ, ಓಗಿದ್ರಾ?"

"ಎಂಗೆ ಓಗೋದಕ್ಕ? ನಮ್ ರೋಡ್ ನೋಡಿದ್ದೀಯಲ್ಲ. ಬಸ್ಸಲ್ಲಿ ಕುಕ್ಕಿ ಕುಕ್ಕಿ ಸ್ಪ್ರಿಂಗ್ ಎಗರಿದ್ರೆ?"

"ಮಾತ್ರೆ?"

"ದಿನಾ ಕೊಡ್ತೀನಿ. ಒಂದು ಶೀಟು ಮಾತ್ರ ಮೊನ್ನೆ ಮುಗೀತು. ನೋವೇ ಇಲ್ವಲ್ಲ ಅಂತ ಬಿಟ್ಟೆ."

ಅಲ್ಲಿಯತನಕ ನಗುತ್ತಿದ್ದ ಶಶಿರೇಖಳ ಮುಖ ಗಂಭೀರವಾಯಿತು. ಖಾಲಿ ಶೀಟು ತರಿಸಿ ನೋಡಿದಳು.

"ಇದೇ ಕಣಮ್ಮ ಮುಖ್ಯವಾದ್ದು. ಸುತ್ತಿಗೆಗೆ ಎದ್ರಿದ್ದೀಯ, ಎದರ್ಬೇಕಾದ್ದು ಇದಕ್ಕೆ. ಕೇಳಿಲ್ಲಿ. ಬಾವಿ ಗೋಡೆ ಕುಸೀದಿರ್ಲಿ ಅಂತ ಸಿಮೆಂಟ್ ಬಳೆ ಇಳಿಸ್ತೀವಲ್ಲ?"

"ಊಂ."

"ಮುನಿರಾಜಣ್ಣನ ಎದೇಲಿ ಇರೋದೂ ಅಂತಾದ್ದೇ ಬಳೆ. ಗೋಡೆಗೆ ಒತ್ಕೊಂಡು ಕೂತದೆ. ಬಾವಿ ಪಕ್ಕ ಗಾಡಿ ಓದ್ರೆ ಬಳೆ ಎಗರಿ ಆಚೆ ಬರ್ತದಾ?"

ಅಂಬಿಕಳಿಗೆ ನಗು ಬಂತು. "ಇಲ್ಲ."

"ಬಸ್ಸು ಕುಕ್ಕಿದ್ರೂ ಎಗರಲ್ಲ, ಸೀನಿದ್ರೂ ಎಗರಲ್ಲ. ಆದ್ರೆ ಬಳೆ ಇಳಿಸಿದ್ ಮಾತ್ರಕ್ಕೆ ಬಾವೀಲಿ ಊಳು ಮಣ್ಣು ತುಂಬಲ್ಲ ಅಂತ ಇಲ್ಲ. ಆ ಊಳು ತುಂಬದಂಗೆ ನೋಡ್ಕೊಳೋದೇ ಈ ಮಾತ್ರೆ. ನಿಲ್ಲಿಸಿದ್ರೆ ಒಳಗೆ ರಕ್ತ ಎಪ್ಪುಗಟ್ತದೆ. ನೋವು ಇರ್ಲಿ ಬಿಡ್ಲಿ, ಡಾಕ್ಟ್ರು ಸಾಕು ಅನ್ನೋವರ್ಗೂ ನುಂಗ್ಬೇಕು. ಏಳಿ, ನಾಳೆ ಅಲ್ಲ, ಈಗ್ಲೇ ಓಗೋಣ."

ಅಂಬಿಕ ಗಂಡನನ್ನು ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಿಸಿದಳು. ಪ್ರತಿ ಹಳ್ಳಕ್ಕೂ ಅವನ ಎದೆಗೆ ಕೈ ಅಡ್ಡ ಹಿಡಿದಳು. "ಬಾವಿ ಬಳೆ ಕಣೇ, ಬಾವಿ ಬಳೆ," ಎಂದು ಮುನಿರಾಜು ಪಿಸುಗುಟ್ಟಿದ. ಎಷ್ಟೋ ದಿನದ ಮೇಲೆ ಅವನು ನಕ್ಕಿದ್ದ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೊದಲು ಮಾತ್ರೆ ಬಿಟ್ಟದ್ದಕ್ಕೆ ಸರಿಯಾಗಿ ಬೈದರು. ಆಮೇಲೆ ಎದೆಯ ಪರೀಕ್ಷೆ ಮಾಡಿಸಿದರು. ಓಡುವ ಪಟ್ಟಿಯ ಮೇಲೆ ನಿಲ್ಲಿಸಿ ನಡೆಸಿದರು. ಪಟ್ಟಿ ಬಿರುಸಾದಂತೆ ಅಂಬಿಕ ಬಾಗಿಲಲ್ಲಿ ನಿಂತು ಸೆರಗು ಕಚ್ಚಿದಳು. ಗಂಡ ನಡೆದ, ಇನ್ನೂ ಬಿರುಸಾಗಿ ನಡೆದ, ಬೆವರಿದ, ನಿಂತ. ಏನೂ ಆಗಲಿಲ್ಲ.

"ಮೇಡಂ, ಇವ್ರದು ಕುಲುಮೆ. ಇನ್ಮೇಲೆ ಆ ಕೆಲ್ಸ ಮರ್ತುಬಿಡ್ಬೇಕಾ?" ಶಶಿರೇಖ ಕೇಳಿದಳು.

"ಏನೇನು ಮಾಡ್ತೀರಿ, ನನಗೆ ಅರ್ಥವಾಗುವ ಹಾಗೆ ಹೇಳಿ," ಎಂದರು ಡಾಕ್ಟರಮ್ಮ. ಮುನಿರಾಜು ಎದ್ದು ನಿಂತು, ಇಲ್ಲದ ಇಕ್ಕಳದಲ್ಲಿ ಇಲ್ಲದ ಕಬ್ಬಿಣ ಹಿಡಿದು, ಚಿಕ್ಕ ಸುತ್ತಿಗೆಯಲ್ಲಿ ತಟ್ಟಿ ತೋರಿಸಿದ. ಆಮೇಲೆ ಎರಡೂ ಕೈ ಎತ್ತಿ ಸಮ್ಮಟಿಗೆ ಬೀಸಿ ತೋರಿಸಿದ. ಮೇಜಿನ ಮೇಲಿದ್ದ ನೀರಿನ ಲೋಟವನ್ನು ಅಂಬಿಕ ಹಿಡಿದುಕೊಂಡದ್ದರಿಂದ ಉಳಿಯಿತು.

ಡಾಕ್ಟರಮ್ಮ ನಕ್ಕರು. "ಮೊದಲನೆಯದು ಮಾಡಬಹುದು. ಇವತ್ತೇ ಎಲ್ಲ ಅಲ್ಲ. ಮೊದಲು ದಿನಾ ನಡೀರಿ. ಕುಳಿತು ಮಾಡುವ ಹಗುರ ಕೆಲಸದಿಂದ ಶುರು ಮಾಡಿ, ಮೈ ಒಗ್ಗಿದ ಹಾಗೆ ಹೆಚ್ಚಿಸಿ. ಉಸಿರು ಕಟ್ಟಿಕೊಂಡು ಏನನ್ನೂ ಎತ್ತಬೇಡಿ. ಉಂಡ ತಕ್ಷಣ ಬೆಂಕಿಯ ಮುಂದೆ ಕೂರಬೇಡಿ. ಎರಡನೆಯದು, ಆ ದೊಡ್ಡ ಸುತ್ತಿಗೆ, ಸದ್ಯಕ್ಕೆ ಬೇಡ. ಮುಂದಿನ ಸಲ ಪರೀಕ್ಷೆ ಮಾಡಿ ಹೇಳ್ತೀನಿ. ಬೀಡಿ ಮಾತ್ರ ಯಾವತ್ತೂ ಬೇಡ. ಇವರ ಗುಂಡಿಗೆ ನೋಡಿ ನಾನು ಇವರಿಗೆ ಹೇಳಿದ್ದು. ಇನ್ನೊಬ್ಬರಿಗೆ ಇದೇ ಮಾತು ಹೊಂದುತ್ತೆ ಅಂತಿಲ್ಲ, ಅವರವರ ಡಾಕ್ಟರನ್ನೇ ಕೇಳಬೇಕು."

"ಮತ್ತೆ ಮುದ್ದೆ?" ಮುನಿರಾಜು ಮೆಲ್ಲಗೆ ಕೇಳಿದ.

"ಮುದ್ದೆ ಬೇಡ ಅಂದವರು ಯಾರು? ಉಪ್ಪಿನಕಾಯಿ, ಎಣ್ಣೆ, ಉಪ್ಪು ಕಮ್ಮಿ ಮಾಡಿ, ಸಾಕು."

ಮುನಿರಾಜು ಹೆಂಡತಿಯ ಕಡೆ ನೋಡಿದ ನೋಟಕ್ಕೆ ಅವಳು ಕಿಟಕಿಯ ಆಚೆ ನೋಡಬೇಕಾಯಿತು.

ವಾಪಸು ಬರುವಾಗ ಬಂಗಾರಪೇಟೆಯಲ್ಲಿ ಇಳಿದು ರಾಜ್‌ಕುಮಾರನ ವೆಲ್ಡಿಂಗ್ ಅಂಗಡಿಗೆ ಹೋದರು. ರಾಜ್‌ಕುಮಾರ್ ಕೆಜಿಎಫ್‌ನ ಕೋರಮಂಡಲ್‌ನವನು, ಮನೆಮಾತು ತಮಿಳು. ಚಿನ್ನದ ಗಣಿ ಮುಚ್ಚುವ ತನಕ ಅಲ್ಲಿನ ವರ್ಕ್‌ಶಾಪಿನಲ್ಲಿ ಇದ್ದವನು. ಮುನಿರಾಜುವಿನ ಹಳೆಯ ಗೆಳೆಯ.

"ಎನ್ನಡಾ ಮುನಿರಾಜು, ಆಳೇ ಕಾಣೋಲ್ವೇ? ಇನ್ನೂ ಇದ್ದೀಯಾ?" ಎಂದು ಕಪ್ಪು ಕನ್ನಡಕ ಹಣೆಗೇರಿಸಿದ.

ಅಂಬಿಕಳ ಮುಖ ಬಾಡಿದ್ದನ್ನು ನೋಡಿ, "ಕೋಪ ಮಾಡ್ಕೋಬೇಡ ತಂಗಚ್ಚಿ. ನಾನೂ ಅದೇ ಪಾರ್ಟಿ ತಾನೇ. ನಂಗೆ ಎರಡು ಸ್ಪ್ರಿಂಗು. ನಿನ್ ಗಂಡಂಗೆ ಒಂದೇ ಅಂತೆ. ಜೂನಿಯರ್ ಇವ್ನು!" ಎಂದ.

ಅಂಬಿಕ ಬೆಚ್ಚಿ ಅವನ ಕೈ ನೋಡಿದಳು. ಕಬ್ಬಿಣದ ಗೇಟು ಅರ್ಧ ಬೆಸೆದು ನಿಂತಿತ್ತು. "ಅಣ್ಣ, ನೀವು ಕೆಲ್ಸ ಮಾಡ್ತಿದ್ದೀರಾ? ಭಯ ಆಗಲ್ವಾ?"

"ಮೊದ್ಲು ಭಯಾನೇ ಇರ್ಲಿಲ್ಲಮ್ಮ, ಅದೇ ತಪ್ಪಾಯ್ತು. ಗಿರಾಕಿ ಓಗ್ಬಿಡ್ತಾರೆ ಅಂತ ಸ್ಪ್ರಿಂಗ್ ವಿಷ್ಯ ಯಾರ್ಗೂ ಏಳ್ದೆ ಶೆಡ್ಡಿನ ಮೇಲಕ್ಕೆ ಏರಿದೆ. ತಲೆ ತಿರುಗಿ ಏಣಿ ತಬ್ಕೊಂಡು ಕೂತೆ. ಕೆಳಗಿದ್ದವ್ರು ನಾನು ಏಣೀಗೆ ಮುತ್ತು ಕೊಡ್ತಿದ್ದೀನಿ ಅಂದ್ಕೊಂಡ್ರು." ಅವನು ಅಂಗಿ ಜೇಬು ತಟ್ಟಿದ. "ಈಗ ನಾಲಿಗೆ ಕೆಳಗಿಡೋ ಮಾತ್ರೆ ಇಲ್ಲೇ ಇರ್ತದೆ, ಡಾಕ್ಟ್ರು ಕೊಟ್ಟಿದ್ದು. ಅಂಗಡೀಲಿ ಎಲ್ರಿಗೂ ಗೊತ್ತು. ಟೀ ತರೋವ್ನಿಗೂ ಗೊತ್ತು. ಕದ್ದು ಕೆಲ್ಸ ಮಾಡೋನಿಗೆ ಸುಸ್ತಾದ್ರೆ ಕೂರೋಕೂ ಆಗಲ್ಲ ತಂಗಚ್ಚಿ, ಅಲ್ವಾ?"

ಅಂಬಿಕಳಿಗೆ ಕೊಟ್ಟಿಗೆ ನೆನಪಾಯಿತು. ಉಸಿರು ಕಟ್ಟಿಕೊಂಡು ಬೀಸಾಗಿ ಅರ ಉಜ್ಜುತ್ತಿದ್ದ ಗಂಡ. ಅವನನ್ನು ಹಾಗೆ ಓಡಿಸುತ್ತಿದ್ದದ್ದು ಕೆಲಸವೋ, ತನ್ನ ಕಾವಲೋ?

"ಮೈನ್ಸ್‌ನಲ್ಲಿ ಒಂದು ರೂಲ್ ಇತ್ತು," ರಾಜ್‌ಕುಮಾರ್ ಮುಂದುವರಿಸಿದ. "ಕೇಜ್, ಅದೇ ಗಣಿಗೆ ಇಳಿಯೋ ಲಿಫ್ಟು, ಓಡ್ತಿರೋವಾಗ ಒಂದ್ಸಲ ಗಂಟೆ ಒಡೆದ್ರೆ ನಿಲ್ಲಿಸ್ಬೇಕು. ಒಳಗೆ ಸೂಪರಿಂಟೆಂಡೆಂಟೇ ಇರ್ಲಿ, ಯಾಕೆ ಅಂತ ಕೇಳಂಗಿಲ್ಲ. ಎದೆ ಬಿಗೀತಾ, ಬೆವರು ಬಂತಾ, ಎಡಗೈ ಎಳೀತಾ? ಗಂಟೆ ಒಡೀತು ಅಂತ ಅರ್ಥ. ನಿಲ್ಸು, ಅಷ್ಟೇ."

"ನಮ್ಮಲ್ಲೂ ಅದೇ ಕಣೋ," ಎಂದ ಮುನಿರಾಜು. "ಇಬ್ರು ಒಡೀವಾಗ ಚಿಕ್ಕ ಸುತ್ತಿಗೆಯವ್ನು ಬರೀ ಅಡಿಗಲ್ಲಿನ ಮೇಲೆ ಟಿಣ್ ಅಂತ ಒಂದೇಟು ಆಕಿದ್ರೆ ದೊಡ್ಡ ಸುತ್ತಿಗೆ ನಿಲ್ಲಲೇಬೇಕು. ನಮ್ಮಪ್ಪ ಕಲ್ಸಿದ್ ಮೊದಲ್ನೇ ಪಾಠ ಅದು. ಎತ್ತಿದ್ ಕೈ ಎತ್ತಿದಂಗೇ ನಿಲ್ಬೇಕು."

ಅಂಬಿಕ ಆ ಮಾತನ್ನು ಗಂಟು ಹಾಕಿಟ್ಟುಕೊಂಡಳು.

ಕಾರ್ತಿಕದ ಒಂದು ಸೋಮವಾರ ಅವಳೇ ಸೊಂಟದಿಂದ ಬೀಗದ ಕೈ ಬಿಚ್ಚಿದಳು. ಬೀಗದ ಮೇಲೆ ಆಯುಧಪೂಜೆಯ ಕುಂಕುಮ ಒಣಗಿತ್ತು. ಮೊದಲ ದಿನಗಳಲ್ಲಿ ಬೆಂಕಿಯೇ ಇಲ್ಲ. ಬೆಳಗ್ಗೆ ಕೆರೆಯ ತನಕ ನಡಿಗೆ, ಆಮೇಲೆ ಬಾಗಿಲಲ್ಲಿ ಗಾಳಿಗೆ ಕುಳಿತು ಕುಡುಗೋಲಿಗೆ ಹಲ್ಲು ಹಾಕುವುದು. ದಣಿವಾದರೆ ಎದ್ದು ನೀರು ಕುಡಿಯುವುದು, ಕೆಲಸ ಅಲ್ಲೇ ಬಿಡುವುದು. ಕದಿಯುವ ಮಾತೇ ಇಲ್ಲವಾದ್ದರಿಂದ ಪಾಪಕ್ಕನಿಗೆ ಕಾವಲಿನ ನೌಕರಿ ಹೋಯಿತು. ಗಂಜಿ ಪಾತ್ರೆ ಅಟ್ಟ ಸೇರಿತು. ಮುದ್ದೆ ಬಂತು, ಜೊತೆಗೆ ಸೊಪ್ಪಿನ ಸಾರು. ಮಾತ್ರೆಯ ಶೀಟು ದೇವರ ಪಟದ ಪಕ್ಕದಲ್ಲೇ ನೇತಾಡಿತು. ಅದು ಮುಗಿಯುವ ಮೊದಲೇ ಇನ್ನೊಂದು ಬರುತ್ತಿತ್ತು.

ಮೈ ಒಗ್ಗಿದ ಮೇಲೆ ಬೆಂಕಿ ಹೊತ್ತಿತು. ಆಗ ಬಂತು ಪ್ರಶ್ನೆ: ಸಮ್ಮಟಿಗೆ ಹಿಡಿಯುವವರು ಯಾರು? ಹಳೆಯ ಆಳು ಕುಲುಮೆ ಮುಚ್ಚಿದ ಮೇಲೆ ಮಾಲೂರಿನ ಹೆಂಚಿನ ಕಾರ್ಖಾನೆಗೆ ಸೇರಿಕೊಂಡಿದ್ದ.

"ಯಾರು ಅಂದ್ರೆ?" ಪಾಪಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಳು. "ನಿಮ್ ಮಾವ ಚಿಕ್ಕ ಸುತ್ತಿಗೆ ಇಡೀತಿದ್ರೆ ದೊಡ್ಡದು ಇಡೀತಿದ್ದೋಳು ಯಾರು ಅಂದ್ಕೊಂಡೆ? ಈ ಪಾಪಕ್ಕ! ನಾನು ಬಡಿದ ನೇಗಿಲ ಗುಳದಲ್ಲಿ ಉತ್ತ ಒಲ ಈಗ್ಲೂ ಅವೆ. ಎತ್ತು ಕಣಮ್ಮ. ತೋಳಲ್ಲಿ ಎತ್ಬೇಡ, ಸೊಂಟದಿಂದ ಎತ್ತು."

ಅಂಬಿಕಳ ಮೊದಲ ಏಟು ಕಬ್ಬಿಣಕ್ಕೆ ಬೀಳಲಿಲ್ಲ, ನೆಲಕ್ಕೆ ಬಿತ್ತು. ಎರಡನೆಯದಕ್ಕೆ ಮುನಿರಾಜು ಕಾಲು ಹಿಂದಕ್ಕೆಳೆದುಕೊಂಡು, "ನನ್ ಗುಂಡಿಗೆ ಗಟ್ಟಿ ಅದೆಯೇನೋ, ಪಾದ ಅಲ್ಲ," ಎಂದ. ದಿನ ಕಳೆದಂತೆ ಏಟು ಹದಕ್ಕೆ ಬಂತು. ಅವನು ಚಿಕ್ಕ ಸುತ್ತಿಗೆಯಿಂದ ಎಲ್ಲಿ ಎಂದು ತಟ್ಟಿ ತೋರಿಸುವುದು, ಅವಳು ಅಲ್ಲಿಗೇ ಹೊಡೆಯುವುದು. ಟಿಣ್ ಎಂದರೆ ನಿಲ್ಲಿಸುವುದು. ಊರಿನ ಕುಡುಗೋಲುಗಳೆಲ್ಲ ಸೂರಿನಿಂದ ಇಳಿದು ಬಂದವು.

ರಾಗಿ ಕೊಯ್ಲು ಮುಗಿಯುವ ಹೊತ್ತಿಗೆ ದೊಡ್ಡವೆಂಕಟಪ್ಪ ಗಡಾರಿ ಹೊತ್ತು ಬಂದ. ತೋಟಕ್ಕೆ ಕಲ್ಲುಕಂಬ ನೆಡಲು ಗುಂಡಿ ತೋಡಬೇಕು, ಗಡಾರಿಯ ಮೊನೆ ಮೊಂಡಾಗಿತ್ತು.

"ಇದು ಕುಡ್ಲಲ್ಲ ಮುನಿರಾಜು. ಗಡಾರಿ ಗಂಡಸ್ರ ಏಟು ಕೇಳ್ತದೆ. ಸೆರಗಿನ ಗಾಳಿಗೆಲ್ಲ ಬಗ್ಗಲ್ಲ," ಎಂದು ಬೀಡಿ ಹಚ್ಚಲು ಹೋದ.

"ಬೀಡಿ ಒರಗೆ, ಮಾವ," ಎಂದಳು ಅಂಬಿಕ.

ಗಡಾರಿ ನಿಜಕ್ಕೂ ದಪ್ಪನಾಗಿತ್ತು. ಕೆಂಪಗೆ ಕಾದು ಅಡಿಗಲ್ಲಿನ ಮೇಲೆ ಬಂತು. ಅಂಬಿಕ ಹೊಡೆದಳು, ಹೊಡೆದಳು. ಮೊನೆ ಅರ್ಧ ಬಂದಿತ್ತು, ಅವಳ ತೋಳು ಸೋತಿತು. ಕಬ್ಬಿಣದ ಕೆಂಪು ಆರತೊಡಗಿತು. ಕುಲುಮೆಯಲ್ಲಿ ಹುಟ್ಟಿದವನಿಗೆ ಆರುತ್ತಿರುವ ಕೆಂಪನ್ನು ನೋಡಿಕೊಂಡು ಕೂರುವುದಕ್ಕಿಂತ ದೊಡ್ಡ ಸಂಕಟವಿಲ್ಲ. ಸಾಲದ್ದಕ್ಕೆ ದೊಡ್ಡವೆಂಕಟಪ್ಪ "ಆರ್ತು, ಆರ್ತು!" ಎಂದು ಕೂಗಿದ.

ಮುನಿರಾಜುವಿಗೆ ಏನಾಯಿತೋ, ಇಕ್ಕಳವನ್ನು ಹೆಂಡತಿಯ ಕೈಗೆ ತುರುಕಿ ಅವಳ ಕೈಯಿಂದ ಸಮ್ಮಟಿಗೆ ಕಿತ್ತುಕೊಂಡ. ಉಸಿರು ಕಟ್ಟಿದ. ಎರಡೂ ಕೈ ತಲೆಯ ಮೇಲೆ ಎದ್ದವು.

ಕೂಗಿದರೆ ಕೇಳುವವನಲ್ಲ. ತಡೆಯಲು ಹೋದರೆ ಏಟು ಬೀಳುತ್ತದೆ. ಅಡಿಗಲ್ಲಿನ ಮೂಲೆಯಲ್ಲಿ ಚಿಕ್ಕ ಸುತ್ತಿಗೆ ಬಿದ್ದಿತ್ತು. ಅಂಬಿಕ ಅದನ್ನೆತ್ತಿ ಬರೀ ಹಳಿಯ ಮೇಲೆ ಒಂದೇಟು ಹಾಕಿದಳು.

ಟಿಣ್!

ಎತ್ತಿದ ಕೈ ಎತ್ತಿದ ಹಾಗೇ ನಿಂತಿತು. ಅವನ ತಲೆ ಯೋಚಿಸಿ ನಿಲ್ಲಿಸಿದ್ದಲ್ಲ, ಅಪ್ಪ ಕಲಿಸಿದ ಕೈಗಳೇ ನಿಂತವು. ಮುನಿರಾಜು ಹೆಂಡತಿಯ ಮುಖ ನೋಡಿದ. ಉಸಿರು ಬಿಟ್ಟ. ಸಮ್ಮಟಿಗೆಯನ್ನು ನಿಧಾನವಾಗಿ ಹೆಗಲ ಮೇಲೆ ತಂದು ನೆಲಕ್ಕಿಟ್ಟ.

"ಕಬ್ಬಿಣ ಆರೋಯ್ತಲ್ಲೇ," ಎಂದ, ಚಿಕ್ಕ ದನಿಯಲ್ಲಿ.

"ಆರ್ಲಿ. ಕಬ್ಬಿಣಾನ ಮತ್ತೆ ಕಾಯಿಸ್ಬೋದು," ಎಂದಳು ಅಂಬಿಕ.

ಮುನಿರಾಜು ತಲೆ ತಗ್ಗಿಸಿ ಇಕ್ಕಳ ಇಸಿದುಕೊಂಡು ಗಡಾರಿಯನ್ನು ಮತ್ತೆ ಬೆಂಕಿಗೆ ತಳ್ಳಿದ.

"ಏನಪ್ಪಾ ಗಂಡ್ಸೇ," ಪಾಪಕ್ಕ ದೊಡ್ಡವೆಂಕಟಪ್ಪನ ಕಡೆ ತಿರುಗಿದಳು. "ನಿನ್ ಗಡಾರಿ, ನಿನ್ ಗಂಡಸ್ತನ. ಬಾ, ನೀನೇ ಒಡಿ."

ಬೇಡವೆನ್ನಲು ಮಾನ ಬಿಡಲಿಲ್ಲ. ಪಂಚೆ ಮೇಲಕ್ಕೆ ಕಟ್ಟಿ ಸಮ್ಮಟಿಗೆ ಎತ್ತಿದ. ಒಂದೆರಡು ಏಟು ಚೆನ್ನಾಗಿಯೇ ಬಿದ್ದವು. ಆಮೇಲೆ ಸಮ್ಮಟಿಗೆ ಕೈಜಾರಿತು. ಅಲ್ಲೇ ಕುಸಿದು ಕುಳಿತ. ಎಡಭುಜ ಹಿಡಿದುಕೊಂಡ. ಹಣೆಯ ತುಂಬ ತಣ್ಣನೆಯ ಬೆವರು.

"ಏನಿಲ್ಲ... ಈಚೆಗೆ ಕೆರೆ ಏರಿ ಅತ್ತುವಾಗ್ಲೂ ಇಂಗೇ ಇಡೀತದೆ... ಗ್ಯಾಸು. ಒಂದು ಸೋಡಾ ತಂದ್ಬಿಡಿ."

"ಸೋಡಾ ಬೇಡ!" ಮೂವರೂ ಒಟ್ಟಿಗೆ ಕೂಗಿದರು.

ಅಂಬಿಕ ಆಗಲೇ ನೂರಾ ಎಂಟಕ್ಕೆ ಫೋನು ಹಚ್ಚಿದ್ದಳು. ಮುನಿರಾಜು ಅವನನ್ನು ಗೋಡೆಗೆ ಒರಗಿಸಿ ಅಂಗಿ ಸಡಿಲಿಸಿದ. "ಎದ್ದು ಓಡಾಡ್ಬೇಡ ಅಣ್ಣ. ಏನೂ ಆಗಲ್ಲ, ಬೇಗ ಆಸ್ಪತ್ರೆ ಸೇರಿದ್ರೆ ಏನೂ ಆಗಲ್ಲ. ನನ್ನ ನೋಡು," ಎಂದು ಕೈ ಹಿಡಿದುಕೊಂಡ. ಸುದ್ದಿ ತಿಳಿದ ಶಶಿರೇಖ ಓಡಿ ಬಂದಳು, ಅಂಬ್ಯುಲೆನ್ಸ್ ಬಂತು, ಅವಳೂ ಹತ್ತಿದಳು.

ಬೇಗ ತಲುಪಿದ್ದರಿಂದ ದೊಡ್ಡವೆಂಕಟಪ್ಪನ ಗುಂಡಿಗೆಗೆ ಹೆಚ್ಚಿನ ಪೆಟ್ಟು ಬೀಳಲಿಲ್ಲ. ಅವನಿಗೂ ಒಂದು ಸ್ಟೆಂಟ್ ಕೂರಿಸಿದರು. ವಾಪಸು ಬಂದು, ನಡೆದಾಡಬಹುದು ಎಂದು ಡಾಕ್ಟರು ಹೇಳಿದ ಮೇಲೆ, ಅವನು ಮೊದಲು ಬಂದದ್ದು ಕುಲುಮೆಗೆ. ಚೂಪಾದ ಗಡಾರಿ ಗೋಡೆಗೆ ಒರಗಿ ಅವನಿಗಾಗಿ ಕಾಯುತ್ತಿತ್ತು. ಅವನ ಕೈಯಲ್ಲಿ ಬೀಡಿ ಇರಲಿಲ್ಲ, ಕಡಲೆಕಾಯಿ ಇತ್ತು.

"ಮಾವ, ನಿಮ್ ಸ್ಪ್ರಿಂಗ್ ಎಗರ್ಲಿಲ್ವಾ?" ಅಂಬಿಕ ಸಮ್ಮಟಿಗೆಗೆ ಒರಗಿ ಕೇಳಿದಳು.

"ಎಗರೋಕೆ ಅದೇನು ನನ್ ಮೊಪೆಡ್‌ದಾ?" ದೊಡ್ಡವೆಂಕಟಪ್ಪ ಕಣ್ಣರಳಿಸಿದ. ಕುಡುಗೋಲು ಹಿಡಿದು ಕಾಯುತ್ತಿದ್ದವರ ಕಡೆ ತಿರುಗಿ, ತಾನೇ ಕಂಡುಹಿಡಿದವನಂತೆ ಶುರುಮಾಡಿದ: "ಕೇಳ್ರಲಾ ಇಲ್ಲಿ. ಬಾವಿಗೆ ಸಿಮೆಂಟ್ ಬಳೆ ಇಳಿಸ್ತೀವಲ್ಲ, ಇದೂ ಅಂಗೇ..."

ಮುನಿರಾಜು ನಗುತ್ತಾ ಕೆಂಪು ಕಬ್ಬಿಣ ಹೊರಗೆಳೆದ. ಅವನ ಚಿಕ್ಕ ಸುತ್ತಿಗೆ ತಟ್ಟಿ ತೋರಿಸಿದ ಕಡೆ ಅಂಬಿಕಳ ದೊಡ್ಡ ಸುತ್ತಿಗೆ ಬಿತ್ತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಹೃದಯಾಘಾತದಿಂದ ಬದುಕಿ ಬಂದವರಿದ್ದಾರೆಯೇ? ಗಾರೆ ಕೆಲಸದವರೋ, ಬಡಗಿಯೋ, ಮೂಟೆ ಹೊರುವವರೋ, ಹೊಲ ಉಳುವವರೋ? ಅವರನ್ನು ಮಂಚಕ್ಕೆ ಕಟ್ಟಿಹಾಕಬೇಡಿ. ಕದ್ದು ದುಡಿಯುವ ಹಾಗೂ ಮಾಡಬೇಡಿ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಅವರು ಮಾಡುವ ಕೆಲಸ ಎಂಥದ್ದೆಂದು ಬಿಡಿಸಿ ಹೇಳಿ, ಯಾವುದನ್ನು ಯಾವಾಗ ಶುರುಮಾಡಬಹುದು ಎಂದು ಕೇಳಿ. ನೋವಿಲ್ಲವೆಂದು ಮಾತ್ರೆ ಬಿಡಬೇಡಿ. ಭಾರದ ಕೆಲಸಕ್ಕೆ ನೀವು ಹೆಗಲು ಕೊಡಿ, ಜೊತೆಯಲ್ಲಿ ದುಡಿಯುವವರಿಗೆಲ್ಲ ವಿಷಯ ತಿಳಿಸಿ.

ಇನ್ನು, ಯಾರಿಗೇ ಆಗಲಿ, ಎದೆ ಬಿಗಿದು, ತಣ್ಣನೆಯ ಬೆವರು ಬಂದು, ಭುಜವೋ ದವಡೆಯೋ ಎಳೆದು, ಉಸಿರು ಸಾಲದೆ ಹೋದರೆ ಅದನ್ನು ಗ್ಯಾಸು ಎಂದು ತಳ್ಳಿಹಾಕಬೇಡಿ. ಅದು ಬರಿದಾದ ಹಳಿಯ ಮೇಲೆ ಬಿದ್ದ 'ಟಿಣ್', ನಿಲ್ಲಿಸು ಎನ್ನುವ ಏಟು. ಕೈಯಲ್ಲಿರುವ ಕೆಲಸ ಎಷ್ಟೇ ಅವಸರದ್ದಾಗಿರಲಿ, ಎತ್ತಿದ ಕೈ ಇಳಿಸಿ ಕುಳಿತುಕೊಳ್ಳಿ. ನೂರಾ ಎಂಟಕ್ಕೆ ಫೋನು ಮಾಡಿ. ಸೋಡಾ ಅಂಗಡಿಯಲ್ಲೇ ಇರಲಿ.